ಇಪ್ಪತ್ತಮೂರನೆಯ ಫೋಟೋದ ಬಿಸಿಲು

ಒಂದೇ ಮದುವೆ, ಒಬ್ಬಳೇ ಮದುಮಗಳು, ಒಂದೇ ಸೀರೆ. ಆದರೂ ಭುವನೇಶ್ವರಿಯ ಲ್ಯಾಪ್‌ಟಾಪಿನಲ್ಲಿ ಆ ಸೀರೆ ಏಳನೆಯ ಫೋಟೋದಲ್ಲಿ ಕೆಂಪಗಿತ್ತು, ಎಂಟನೆಯದರಲ್ಲಿ ಗುಲಾಬಿಯಾಯಿತು, ಒಂಬತ್ತನೆಯದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನೋಡಿದವರು ಮದುಮಗಳು ಅಕ್ಷತೆ ಬೀಳುವ ಮೊದಲೇ ಮೂರು ಸಲ ಸೀರೆ ಬದಲಿಸಿದಳು ಎನ್ನಬೇಕು.

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಆ ಮದುಮಗಳು ಭಾಗ್ಯಜ್ಯೋತಿಯೇ ಈಗಷ್ಟೇ ಫೋನು ಮಾಡಿದ್ದಳು. ಮದುವೆಯ ನೆಗೆಟಿವು ವಾಡಿಗೆ ಹೋಗಿರುವುದು ಅಪ್ಪನಿಗೆ ಗೊತ್ತಾಗಿದೆ, ಚಹಾ ಕೂಡ ಮುಟ್ಟದೆ ಸೇಡಮಿನಿಂದ ಕಾರು ಹತ್ತಿದ್ದಾರೆ ಎಂದು ಪಿಸುಗುಟ್ಟಿ ಇಟ್ಟುಬಿಟ್ಟಿದ್ದಳು. ಮಳಖೇಡ, ಚಿತ್ತಾಪುರ ದಾಟಿ ವಾಡಿ ಸೇರಲು ಒಂದು ತಾಸು ಸಾಕು.

ಇಲ್ಲಿಯ ತನಕದ್ದು ಒಂದೇ ಉಸಿರಿನಲ್ಲಿ: ಇಪ್ಪತ್ತೊಂದು ವರ್ಷದ ಹಿಂದೆ ಚಿಮ್ಮನಚೋಡದಲ್ಲಿ ಈ ಮದುವೆಯ ಸಂಜೆ ಆರು ಗಂಟೆಗೆ, ಮದುಮಗಳ ತಂದೆ ಬಸವಂತರಾಯರ ಜೀಪು ಊರ ಹೊರಗಿನ ಸಣ್ಣ ಸೇತುವೆಯ ಹತ್ತಿರ ಭೀಮು ಎಂಬ ಕೂಲಿಯವನ ಮೇಲೆ ಹಾಯಿತು, ಅವನು ಅಲ್ಲೇ ಸತ್ತ, ಡ್ರೈವರ್ ಪೀರಪ್ಪ ಎರಡು ವರ್ಷ ಜೈಲಿನಲ್ಲಿದ್ದು ಬಂದ, ಆ ಪೀರಪ್ಪನ ಮಗಳೇ ವಾಡಿಯ ಸ್ಟೇಷನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಈ ಭುವನೇಶ್ವರಿ.

ಆರು ಗಂಟೆಗೆ ತಾನು ಜೀಪಿನಲ್ಲಿ ಇರಲೇ ಇಲ್ಲ, ಹಂದರದ ಕೆಳಗೆ ಕಡೆಯ ಪಂಕ್ತಿಗೆ ನೀರು ಹಾಕುತ್ತಿದ್ದೆ ಎಂದು ಪೀರಪ್ಪ ಕೋರ್ಟಿನಲ್ಲಿ ಹೇಳಿದ್ದ. ಅದಕ್ಕೆ ಒಂದು ಫೋಟೋವನ್ನೂ ತೋರಿಸಿದ್ದ. ಹಂದರದ ಕೆಳಗೆ ಒಂದು ಕೈಯಲ್ಲಿ ನೀರಿನ ಜಗ್ಗು ಹಿಡಿದು ಬಾಗಿ ನಿಂತ ಪೀರಪ್ಪ. ಆದರೆ ಆ ಫೋಟೋದ ಬೆಳಕು ಹಾಲಿನಷ್ಟು ಬೆಳ್ಳಗಿತ್ತು. ಇದು ಮಧ್ಯಾಹ್ನದ ಪಂಕ್ತಿ, ಸಂಜೆಯದು ಎಲ್ಲಿಂದ ಬಂತು ಎಂದು ಎದುರು ವಕೀಲರು ನಕ್ಕು ಹಾರಿಸಿಬಿಟ್ಟರು. ಬಟ್ಟೆಯ ಹಂದರದ ಕೆಳಗೆ ಯಾರ ನೆರಳೂ ಸ್ಪಷ್ಟವಾಗಿ ಬೀಳುವುದಿಲ್ಲವಲ್ಲ, ಹೊತ್ತು ಹೇಳುವ ಬೇರೆ ಗುರುತೇ ಅದರಲ್ಲಿ ಇರಲಿಲ್ಲ.

ಈಗ ಅದೇ ಫೋಟೋದ ನೆಗೆಟಿವು ಭುವನೇಶ್ವರಿಯ ಮುಂದೆ, ಅಡಿಯಲ್ಲಿ ದೀಪವಿರುವ ಬೆಳಕಿನ ಹಲಗೆಯ ಮೇಲಿತ್ತು. ರೋಲಿನಲ್ಲಿ ಇಪ್ಪತ್ತಮೂರನೆಯದು. ಹೊಸ ಆಲ್ಬಮ್ ಮಾಡಿಸಿ ಗಂಡನಿಗೆ ಕೊಡಬೇಕೆಂದು ಭಾಗ್ಯಜ್ಯೋತಿ ತಾನಾಗಿಯೇ ಕಳಿಸಿಕೊಟ್ಟ ಮಾಲು. ಕಳ್ಳತನ ಅನ್ನುವ ಹಾಗಿಲ್ಲ.

ಹಿಂದಿನ ದಿನ ಇಡೀ ಅವಳು ಅದೇ ಕೆಲಸದಲ್ಲಿದ್ದಳು. ಹಲಗೆಯ ಮೇಲೆ ನೆಗೆಟಿವು, ಮೇಲೆ ಸ್ಟ್ಯಾಂಡಿಗೆ ಬಿಗಿದ ಕ್ಯಾಮೆರಾ. ವಾಡಿಯಲ್ಲಿ ಈ ಕೆಲಸ ಮಾಡುವುದೆಂದರೆ ಹುಡುಗಾಟವಲ್ಲ. ಸಿಮೆಂಟಿನ ಧೂಳು ಊದಿದಷ್ಟೂ ಬಂದು ಕೂರುತ್ತದೆ, ಗೂಡ್ಸ್ ಗಾಡಿ ಹಾಯ್ದರೆ ಮೇಜೇ ನಡುಗುತ್ತದೆ. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವೆ ಮೂರು ನಾಲ್ಕು ಕ್ಲಿಕ್ಕು, ಅಷ್ಟೇ. ಹೀಗೆ ಮೂವತ್ತಾರನ್ನೂ ತೆಗೆದಿದ್ದಳು. ಒಂದೇ ಬೆಳಕು, ಒಂದೇ ಅಳತೆ, ಕ್ಯಾಮೆರಾದ ಒಂದು ಗುಂಡಿಯನ್ನೂ ನಡುವೆ ಅಲುಗಿಸಿರಲಿಲ್ಲ.

ಇಷ್ಟು ಮಾಡಿಯೂ ಸೀರೆ ಮೂರು ಬಣ್ಣ! ತಪ್ಪು ಎಲ್ಲಿದೆ ಎಂದು ಅವಳು ತಲೆ ಕೆರೆದುಕೊಂಡಳು. ಕ್ಯಾಮೆರಾ ಸರಿ, ಬೆಳಕು ಸರಿ. ಹಾಗಾದರೆ ಉಳಿದದ್ದು ಒಂದೇ, ನೆಗೆಟಿವನ್ನು ಬಣ್ಣದ ಫೋಟೋ ಮಾಡುವ ಆ ಸಾಫ್ಟ್‌ವೇರು. ಅದರ 'ಆಟೋ' ಎಂಬ ಗುಂಡಿಯನ್ನು ಅವಳು ಮೂವತ್ತಾರು ಸಲ ಒತ್ತಿದ್ದಳು.

ಆಗ ಅವಳಿಗೆ ತಟ್ಟನೆ ಹೊಳೆಯಿತು. ಹೊಳೆದದ್ದೇ ತಡ, ಕುರ್ಚಿಯಿಂದ ಎದ್ದೇ ನಿಂತಳು.

ಆಟೋ ಎಂಬುದು ಒಂದೊಂದು ಫೋಟೋಕ್ಕೂ ಒಂದೊಂದು ನ್ಯಾಯ ಹೇಳುತ್ತದೆ. ಕೆಂಪು ಹೆಚ್ಚಿದೆಯೋ, ಇಳಿಸು. ಹಳದಿ ಹೆಚ್ಚಿದೆಯೋ, ಅದನ್ನೂ ಇಳಿಸು. ಮದುಮಗಳ ಸೀರೆ ತುಂಬ ಕೆಂಪಾಯಿತು ಎಂದು ಅದನ್ನೇ ಸಪ್ಪೆ ಮಾಡಿಟ್ಟ ಹಾಗೆ, ಸಂಜೆಯ ಹೊಂಬಿಸಿಲನ್ನೂ ಅದು ರೋಗವೆಂದು ತಿಳಿದು ತೊಳೆದು ಬೆಳ್ಳಗೆ ಮಾಡಿಬಿಡುತ್ತದೆ. ಅಂದು ಫೋಟೋ ಮುದ್ರಿಸಿಕೊಟ್ಟ ಲ್ಯಾಬಿನ ಮಷೀನೂ ಮಾಡಿದ್ದು ಇದನ್ನೇ. ಕೋರ್ಟಿನವರು ನೋಡಿದ್ದು ಬಿಸಿಲನ್ನಲ್ಲ, ಮಷೀನಿನ ಬುದ್ಧಿವಂತಿಕೆಯನ್ನು. ಆ ಬುದ್ಧಿವಂತಿಕೆಗೆ ಅವಳ ಅಪ್ಪ ಎರಡು ವರ್ಷ ಒಳಗೆ ಕೂತಿದ್ದ.

ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಒಬ್ಬ ಮುದುಕಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸತ್ತ ಭೀಮುವಿನ ಹೆಂಡತಿ ಭೀಮಬಾಯಿ. ಮುಂಜಾನೆಯ ಮೊದಲ ಬಸ್ಸಿಗೆ ಚಿಮ್ಮನಚೋಡ ಬಿಟ್ಟು, ಚಿಂಚೋಳಿಯಲ್ಲಿ ಒಂದು, ಸೇಡಮಿನಲ್ಲಿ ಇನ್ನೊಂದು ಬಸ್ಸು ಹಿಡಿದು ಬಂದಿದ್ದಳು. ಕೊಟ್ಟ ಚಹಾ ಮುಟ್ಟಿರಲಿಲ್ಲ. ನೀರೂ ಕುಡಿದಿರಲಿಲ್ಲ. ಬಾಗಿಲ ಹೊರಗೆ ಬೆಂಚಿನ ಮೇಲೆ ಪೀರಪ್ಪ ಕೂತಿದ್ದ, ಅವನ ಮನೆಯ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬಂದೊಡನೆ ಹೇಳಿಬಿಟ್ಟಿದ್ದಳು.

ಅಸಲಿಗೆ ಪೀರಪ್ಪನಿಗೆ ಕೋರ್ಟಿನ ಹಂಗು ಹರಿದು ಬಹಳ ದಿನವಾಗಿತ್ತು. ಜೈಲಿನಿಂದ ಬಂದವನು ಊರು ಬಿಟ್ಟ, ವಾಡಿಯ ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊತ್ತ, ಮಗಳನ್ನು ಓದಿಸಿದ. ಅವನಿಗಿದ್ದದ್ದು ಒಂದೇ ಆಸೆ. ಭೀಮಬಾಯಿ ತನ್ನನ್ನು ಕೊಲೆಗಾರ ಎಂದು ನೋಡಬಾರದು. ಭುವನೇಶ್ವರಿ ಹೋದ ವಾರ ಆ ಮುದುಕಿಯ ಮನೆಗೆ ಹೋಗಿ ಕಾಲು ಹಿಡಿದದ್ದೂ ಇದಕ್ಕೇ.

"ಒಂದ ಸಲ ಬಂದು ನೋಡ್ತೀನಿ," ಎಂದಿದ್ದಳು ಭೀಮಬಾಯಿ. "ಖರೇ ಇದ್ರ ಖರೇ ಅಂತೀನಿ. ಸುಳ್ಳ ಇದ್ರ ನಿಮ್ಮ ವಾಡಿ ಸ್ಟೇಷನ್ ಮುಂದ ನಿಂತು ಇಡೀ ಊರಿಗಿ ಕೇಳಂಗ ಹೇಳಿ ಹೋಗ್ತೀನಿ."

ಅಂದರೆ ಇವತ್ತೇ, ಈ ಅಂಗಡಿಯಲ್ಲೇ, ಈ ನೆಗೆಟಿವು ಕೈ ಬಿಟ್ಟು ಹೋಗುವ ಮೊದಲೇ ಆಗಬೇಕು.

ಭುವನೇಶ್ವರಿ ಮೊದಲು ಆಟೋವನ್ನು ಬಂದ್ ಮಾಡಿದಳು. ಎರಡು ಫೋಟೋಗಳ ನಡುವೆ ಬೆಳಕು ಬೀಳದೆ ಉಳಿದ ಖಾಲಿ ಪಟ್ಟಿ ಇರುತ್ತದಲ್ಲ, ಅದರ ಕಿತ್ತಳೆ ಬಣ್ಣವನ್ನು ಅಳೆದು ಮೂವತ್ತಾರರಿಂದಲೂ ಒಂದೇ ಸಮ ಕಳೆದಳು. ಅರ್ಧ ಕೆಲಸ ಮುಗಿಯುವಷ್ಟರಲ್ಲಿ ಹನ್ನೊಂದು ಹೊಡೆಯಿತು. ಉಳಿದರ್ಧಕ್ಕೆ ಯಾವ ಬಣ್ಣವೂ ಇಲ್ಲದ ವಸ್ತು ಒಂದು ಬೇಕು. ಇದು ಶುದ್ಧ ಬೂದಿ ಬಣ್ಣ ಎಂದು ಧೈರ್ಯವಾಗಿ ಬೆರಳಿಟ್ಟು ತೋರಿಸುವಂಥದ್ದು. ಮದುವೆಮನೆಯಲ್ಲಿ ಅಂಥದ್ದು ಎಲ್ಲಿ ಸಿಗಬೇಕು? ಅಲ್ಲಿ ಮೇಲಿಂದ ಕೆಳಗೆ ಬರೀ ಬಣ್ಣ.

ಅವಳ ಕಣ್ಣು ರೋಲಿನ ಮೊದಲನೆಯ ಫೋಟೋದ ಮೇಲೆ ಹೋಯಿತು. ಅದರಲ್ಲಿ ಮನುಷ್ಯರೇ ಇಲ್ಲ. ಅಂಗಳದಲ್ಲಿ ಮಣೆ, ಮಣೆಯ ಮೇಲೆ ಅಂಗೈಯಗಲದ ಒಂದು ಕಲ್ಲಿನ ತುಂಡು. ಇದೇನು ಹುಚ್ಚು ಎಂದು ನಿನ್ನೆಯೇ ಅಂದುಕೊಂಡಿದ್ದಳು. ಈಗ ಫೋನು ಎತ್ತಿದವಳೇ ಚಿತ್ತಾಪುರದ ಸಿರಾಜುದ್ದೀನ ಚಾಚಾನಿಗೆ ಹಚ್ಚಿದಳು. ಆ ಮದುವೆಯ ಫೋಟೋ ತೆಗೆದವರು ಅವರೇ. ಎಪ್ಪತ್ತೈದು ದಾಟಿದ್ದರೂ ದನಿ ಮಾತ್ರ ಗಟ್ಟಿ.

ಕಲ್ಲು ಅಂದೊಡನೆ ಚಾಚಾ ನಕ್ಕರು. ಎಲ್ಲ ಮದುವೆಯಲ್ಲೂ ರೋಲು ಹಾಕಿದ ಕೂಡಲೇ ಆ ಕಲ್ಲನ್ನು ಚೀಲದಿಂದ ತೆಗೆದು, ಬಯಲ ಬೆಳಕಿನಲ್ಲಿಟ್ಟು ಒಂದು ಫೋಟೋ ತೆಗೆಯುವುದು ಅವರ ರೂಢಿಯಂತೆ. ಸಿರಾಜ್ ಸಾಬರು ದೃಷ್ಟಿ ತೆಗೆಯುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರಂತೆ, ಇವರೂ ಬಿಡಿಸಿ ಹೇಳಲು ಹೋಗಲಿಲ್ಲವಂತೆ.

"ದೃಷ್ಟಿ ಅಲ್ಲ ಬೇಟಿ, ಅದು ಶಹಾಬಾದಿ ಪರಸಿ," ಎಂದರು ಚಾಚಾ. "ಅಷ್ಟು ಚೊಕ್ಕ ಬೂದಿ ಬಣ್ಣ ನಮ್ಮ ಕಡಿ ಬ್ಯಾರೆ ಯಾವುದಕ್ಕದ? ಆ ಕಲ್ಲ ಕಲ್ಲಿನಂಗ ಕಂಡ್ರ ಉಳದ ಮೂವತ್ತೈದೂ ತಾವೇ ಸರಿ ಬರ್ತಾವ. ಲ್ಯಾಬಿನವರಿಗಿ ಹೇಳಿ ಹೇಳಿ ಸಾಕಾಯ್ತು. ಒಬ್ಬನೂ ಕೇಳ್ಲಿಲ್ಲ."

ಮನೆಮನೆಯ ನೆಲಕ್ಕೆ ಹಾಸುವ ಆ ಪರಸಿ! ಜೀವಮಾನವಿಡೀ ಅದರ ಮೇಲೇ ಓಡಾಡಿದ್ದರೂ ಅವಳಿಗೆ ಇದು ಹೊಳೆದಿರಲಿಲ್ಲ. ಚಾಚಾನ ಮೇಲೆ ಅವಳಿಗೆ ಉಕ್ಕಿ ಬಂದ ಪ್ರೀತಿಗೆ ಎದುರಿಗೆ ಇದ್ದಿದ್ದರೆ ಕೈಗೆ ಮುತ್ತಿಟ್ಟುಬಿಡುತ್ತಿದ್ದಳು.

ಫೋನು ಇಡುವುದಕ್ಕೂ ಹೊರಗೆ ಕಾರಿನ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಬಸವಂತರಾಯರು ಒಳಗೆ ಬಂದರು. ಎಪ್ಪತ್ತರ ಆಳು, ಬಿಳಿ ಅಂಗಿ, ಬಿಳಿ ಧೋತರ, ಮೈಮೇಲೆ ದಾರಿಯ ಧೂಳಿನ ಒಂದು ಕಣವೂ ಇಲ್ಲ. ಬೆಂಚಿನ ಮೇಲಿದ್ದ ಪೀರಪ್ಪ ಎದ್ದು ನಿಂತದ್ದನ್ನು ಅವರು ಕಂಡೂ ಕಾಣದಂತೆ ಬಂದರು. ಸ್ಟೂಲಿನ ಮೇಲಿದ್ದ ಭೀಮಬಾಯಿಯನ್ನು ಕಂಡಾಗ ಮಾತ್ರ ಅವರ ಕಾಲು ಒಂದು ಗಳಿಗೆ ನಿಂತಿತು.

"ನಮ್ಮ ಮನಿ ನೆಗೆಟಿವ್ ನಮಗ ಕೊಟ್ಟುಬಿಡು ತಂಗಿ," ಎಂದರು ಮೆತ್ತಗೆ. "ಹುಡುಗಿ ತಿಳೀದ ಕಳಿಸ್ಯಾಳ."

"ಕೊಡ್ತೀನ್ರಿ ಸಾವುಕಾರ್ರ. ನಿಮ್ಮವೇ ಅವ. ಹತ್ತು ನಿಮಿಷ ಕುಂದ್ರಿ, ನಿಮ್ಮ ಎದುರಿಗೇ ಬಣ್ಣ ಕೂಡಸ್ತೀನಿ."

ಅವರಿಗೆ ಕೂರುವ ಮನಸ್ಸಿರಲಿಲ್ಲ. ಕಂಪ್ಯೂಟರಿನಲ್ಲಿ ಯಾವ ಬಣ್ಣವನ್ನು ಬೇಕಾದರೂ ತರಬಹುದು, ಹಗಲನ್ನು ರಾತ್ರಿ ಮಾಡಬಹುದು, ಇಂಥ ಆಟವನ್ನೆಲ್ಲ ತಾನು ಟಿವಿಯಲ್ಲಿ ನೋಡಿದ್ದೇನೆ ಎಂದರು. ಆ ಮಾತನ್ನು ಭುವನೇಶ್ವರಿಗೆ ಹೇಳಲಿಲ್ಲ, ಸ್ಟೂಲಿನ ಕಡೆಗೆ ತಿರುಗಿ ಹೇಳಿದರು. ಭೀಮಬಾಯಿ ಹೌದು ಎಂಬಂತೆ ತಲೆಯಾಡಿಸಿದಳು. ಅವಳಿಗೂ ಇದ್ದ ಅನುಮಾನ ಅದೇ.

ಸರಿ, ಹಾಗಾದರೆ ಒಂದು ಕಟ್ಟುಪಾಡು ಹಾಕಿಕೊಳ್ಳೋಣ ಎಂದಳು ಭುವನೇಶ್ವರಿ. ಅಪ್ಪ ಇರುವ ಇಪ್ಪತ್ತಮೂರನೆಯದನ್ನು ತಾನು ಮುಟ್ಟುವುದೇ ಇಲ್ಲ. ಮುಟ್ಟುವುದು ಮೊದಲನೆಯದನ್ನು, ಅದೂ ಒಂದೇ ಸಲ, ಈ ಕಲ್ಲಿನ ಮೇಲೆ. ಕಲ್ಲು ಬೂದಿ ಬಣ್ಣಕ್ಕೆ ಬರಲು ಎಷ್ಟು ಬೇಕೋ ಅಷ್ಟನ್ನೇ ಉಳಿದ ಮೂವತ್ತೈದಕ್ಕೂ ಹಚ್ಚುವುದು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗ ಮಧ್ಯಾಹ್ನದ್ದು ಮಧ್ಯಾಹ್ನವಾಗಿಯೇ ಕಾಣುತ್ತದೆ, ಸಂಜೆಯದು ಸಂಜೆಯಾಗಿ. ಒಪ್ಪಿಗೆಯೇ ಎಂದು ಕೇಳಿದಳು.

ಭೀಮಬಾಯಿ ಬಸವಂತರಾಯರ ಮುಖವನ್ನೇ ನೋಡುತ್ತಿದ್ದಳು. ಅವಳೆದುರು ಎದ್ದು ಹೋಗುವುದು ಚೆನ್ನಾಗಿ ಕಾಣುವುದಿಲ್ಲ. ಬಸವಂತರಾಯರು ಕುರ್ಚಿ ಎಳೆದುಕೊಂಡು ಕೂತರು.

ಭುವನೇಶ್ವರಿ ಮನೆದೇವರನ್ನು ನೆನೆದು ಕಲ್ಲಿನ ಮೇಲೆ ಒಂದು ಕಡೆ ಕ್ಲಿಕ್ ಮಾಡಿದಳು. ಆಮೇಲೆ ಅದನ್ನೇ ಎಲ್ಲದಕ್ಕೂ ಹಚ್ಚಿದಳು. ಪರದೆಯ ಮೇಲೆ ಮೂವತ್ತಾರು ಫೋಟೋಗಳು ಒಂದಾದ ಮೇಲೊಂದು ಬದಲಾದವು. ಸೀರೆ ಎಲ್ಲದರಲ್ಲೂ ಒಂದೇ ಬಣ್ಣವಾಯಿತು. ಅವಳ ಬಾಯಿಂದ ಉಶ್ ಎಂದು ಉಸಿರು ಹೊರಬಿತ್ತು.

ಇಪ್ಪತ್ತಮೂರನೆಯದನ್ನು ದೊಡ್ಡದು ಮಾಡಿದಳು.

ಬೆಳ್ಳಗಿತ್ತು. ಕೋರ್ಟಿನಲ್ಲಿ ಇದ್ದಂತೆಯೇ, ಹಾಲಿನಂತೆ.

"ಆಯ್ತಲ್ಲ," ಎಂದು ಬಸವಂತರಾಯರು ಮೊಣಕಾಲಿಗೆ ಕೈಕೊಟ್ಟು ಎದ್ದರು. "ನೀನೇ ಮಾಡಿ, ನೀನೇ ತೋರಿಸಿದಿ. ಮಧ್ಯಾನದ ಊಟ."

ಬಾಗಿಲಲ್ಲಿ ಪೀರಪ್ಪ ಚಪ್ಪಲಿ ಹುಡುಕತೊಡಗಿದ್ದು ಕೇಳಿಸಿತು. ಅಪ್ಪ ತನಗೆ ಸುಳ್ಳು ಹೇಳಿರಬಹುದು ಎಂಬ ಯೋಚನೆ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಭುವನೇಶ್ವರಿಯ ತಲೆಯೊಳಗೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ನೆಗೆಟಿವಿನ ಕವರಿಗಾಗಿ ಬಸವಂತರಾಯರು ಆಗಲೇ ಕೈ ಚಾಚಿದ್ದರು.

ಕವರು ಕೊಡಲು ತಿರುಗಿದವಳ ಕಣ್ಣು ಒಂಬತ್ತನೆಯ ಫೋಟೋದ ಮೇಲೆ ಬಿತ್ತು. ಅಕ್ಷತೆ ಬೀಳುವ ಹೊತ್ತು, ಅಂದರೆ ಹನ್ನೆರಡೂವರೆ. ಎಲ್ಲರಿಗೂ ಗೊತ್ತಿರುವ ಸಮಯ, ಅದರಲ್ಲಿ ತಕರಾರಿಲ್ಲ. ಆದರೆ ಆ ಫೋಟೋದಲ್ಲಿ ಹಂದರದ ಬಿಳಿ ಬಟ್ಟೆ ನೀಲಿ ಹೆಚ್ಚಾಗಿ ಹಾಕಿದ ಧೋತರದಂತೆ ಕಾಣುತ್ತಿತ್ತು. ಪುರೋಹಿತರ ಮುಖವೂ ನೀಲಿ. ಮೇ ತಿಂಗಳ ಚಿಮ್ಮನಚೋಡದಲ್ಲಿ ನೀಲಿ ಮಧ್ಯಾಹ್ನ ಯಾರು ಕಂಡಿದ್ದಾರೆ?

ಮಧ್ಯಾಹ್ನವೇ ನೀಲಿಯಾಗಿದೆ ಅಂದರೆ ಕಲ್ಲು ಸುಳ್ಳು ಹೇಳಿದೆ. ಅವಳು ಕವರನ್ನು ಹಿಂದಕ್ಕೆ ಎಳೆದುಕೊಂಡಳು. ಒಂದು ನಿಮಿಷ ನಿಲ್ಲಿ ಎಂದು ಬೇಡಿಕೊಂಡು ಮೊದಲನೆಯ ಫೋಟೋವನ್ನು ಪರದೆ ತುಂಬ ಹಿಗ್ಗಿಸಿದಳು. ಕಲ್ಲು ಬೂದಿ ಬಣ್ಣಕ್ಕೇ ಇತ್ತು. ಏನೂ ದೋಷ ಕಾಣಲಿಲ್ಲ. ನಡುವೆ ಚಿಕ್ಕದೊಂದು ಕೆಂಪು ಬೊಟ್ಟು, ಅಷ್ಟೇ.

ಭೀಮಬಾಯಿ ಕೂತಲ್ಲಿಂದಲೇ ಕುತ್ತಿಗೆ ಚಾಚಿದಳು.

"ಕಲ್ಲಿಗಿ ಪೂಜಾ ಮಾಡ್ಯಾರಲ್ಲ," ಎಂದಳು. "ಕುಂಕುಮ ಹಚ್ಚ್ಯಾರ. ಮೊದಲ ಅರಿಷಿಣ ಬಳದೇ ಮ್ಯಾಲ ಕುಂಕುಮ ಇಡ್ತೀವಿ ನಾವು. ಅರಿಷಿಣ ಎಲ್ಲಿ ಹೋಯ್ತು?"



ಅರಿಷಿಣ ಎಲ್ಲಿ ಹೋಯಿತು! ಭುವನೇಶ್ವರಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಚಾಚಾ ಕಲ್ಲನ್ನು ಮಣೆಯ ಮೇಲಿಟ್ಟು ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ, ಮದುವೆಮನೆಯ ಹೆಂಗಸರು ಅದೂ ಒಂದು ಶಾಸ್ತ್ರವೆಂದು ತಿಳಿದು ಕಲ್ಲಿಗೆ ಅರಿಷಿಣ ಬಳಿದು ಕುಂಕುಮ ಇಟ್ಟು ಹೋಗಿದ್ದರು. ಮಣೆಯ ಮೇಲೆ ಕೂತ ಕಲ್ಲನ್ನು ಹಾಗೇ ಬರಿಗಲ್ಲಾಗಿ ಬಿಡುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಅವಳು ಕ್ಲಿಕ್ ಮಾಡಿದ್ದು ಸರಿಯಾಗಿ ಆ ಅರಿಷಿಣದ ಮೇಲೆ. ಹಳದಿಯನ್ನು ಬೂದಿಯೆಂದು ತಿಳಿ ಎಂದು ತಾನೇ ಯಂತ್ರಕ್ಕೆ ಹೇಳಿದ್ದಳು. ಅದು ಪಾಪ, ಇಡೀ ಮದುವೆಯಿಂದಲೇ ಹಳದಿಯನ್ನು ಹಿಂಡಿ ತೆಗೆದು ನೀಲಿ ತುಂಬಿತ್ತು. ಅದರ ಜತೆ ಸಂಜೆಯ ಬಿಸಿಲೂ ಹೋಗಿತ್ತು.

ಬಸವಂತರಾಯರು ಒಂದೇ ಸಲ ಎಂದು ಮಾತಾಗಿತ್ತಲ್ಲ ಎಂದರು. ದನಿಯಲ್ಲಿ ಮೊದಲಿನ ಮೆತ್ತಗಿನ ಭಾವ ಇರಲಿಲ್ಲ.

"ಕಲ್ಲಿನ ಮ್ಯಾಲ ಅಂತ ಮಾತಾಗಿತ್ತು," ಎಂದಳು ಭೀಮಬಾಯಿ. "ಅರಿಷಿಣದ ಮ್ಯಾಲ ಅಂತ ಅಲ್ಲ. ಮಾಡವ್ವ ನೀ."

ಆ 'ಅವ್ವ' ಎಂಬ ಮಾತಿಗೆ ಭುವನೇಶ್ವರಿಯ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಕಲ್ಲನ್ನು ಇನ್ನೂ ಹಿಗ್ಗಿಸಿದಳು. ಕೆಳಗಿನ ಮೂಲೆಯಲ್ಲಿ ಒಂದು ಚೂರು ಒಡೆದ ಜಾಗವಿತ್ತು, ಅಲ್ಲಿಗೆ ಯಾರ ಬೆರಳೂ ತಾಗಿರಲಿಲ್ಲ. ಹಣಿಗೆಯ ಹಲ್ಲಿನಷ್ಟು ಸಣ್ಣದು. ಹೊರಗೆ ಗೂಡ್ಸ್ ಗಾಡಿಯೊಂದು ಗಡಗಡ ಹಾಯುತ್ತಿತ್ತು, ಮೇಜು ನಡುಗಿತು. ಗಾಡಿಯ ಕಡೆಯ ಡಬ್ಬಿ ದಾಟುವ ತನಕ ಕಾದು, ಆ ಚೂರಿನ ಮೇಲೆ ಮೌಸಿನ ಬಾಣವನ್ನಿಟ್ಟು ಒತ್ತಿದಳು.

ಮೊದಲು ಕಲ್ಲಿನ ಮೇಲೆ ಅರಿಷಿಣ ಮೂಡಿತು, ನಿನ್ನೆ ಬಳಿದಷ್ಟು ಹಸಿಯಾಗಿ. ಆಮೇಲೆ ಏಳು, ಎಂಟು, ಒಂಬತ್ತು, ಮೂರರಲ್ಲೂ ಮದುಮಗಳ ಸೀರೆ ಒಂದೇ ಕುಂಕುಮಗೆಂಪಿಗೆ ಬಂತು. ಹಂದರದ ಬಟ್ಟೆ ಬೆಳ್ಳಗಾಯಿತು, ಪುರೋಹಿತರ ಮೈಬಣ್ಣ ಮೈಬಣ್ಣವಾಯಿತು. ಹದಿನೈದು, ಹದಿನೆಂಟು, ಇಪ್ಪತ್ತರ ತನಕ ಬಿಸಿಲು ಬಿಳಿ. ಇಪ್ಪತ್ತೊಂದರಲ್ಲಿ ಬಟ್ಟೆಯ ಅಂಚು ಸ್ವಲ್ಪ ಬೆಚ್ಚಗಾಯಿತು. ಇಪ್ಪತ್ತೆರಡರಲ್ಲಿ ಇನ್ನೂ ಸ್ವಲ್ಪ.

ಇಪ್ಪತ್ತಮೂರು ಬಂಗಾರವಾಗಿತ್ತು.

ಪೀರಪ್ಪನ ಮುಖ, ಕೈಯಲ್ಲಿದ್ದ ಜಗ್ಗು, ಹಂದರದ ಕಂಬ, ಎಲ್ಲಕ್ಕೂ ಬಟ್ಟೆಯಲ್ಲಿ ಸೋಸಿ ಬಂದ ಹೊಂಬಿಸಿಲು ಬಡಿದಿತ್ತು. ಮೇ ತಿಂಗಳಿನಲ್ಲಿ ಬಿಸಿಲು ಇಷ್ಟು ಬಂಗಾರವಾಗುವುದು ಆರರ ಮೇಲೆಯೇ. ಅಪ್ಪ ಹೇಳಿದ್ದೇ ಖರೆ. ಭುವನೇಶ್ವರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕುಣಿಯಬೇಕು ಎನ್ನಿಸಿತು, ಬೀದಿಗೆ ಹೋಗಿ ಕೂಗಬೇಕು ಎನ್ನಿಸಿತು.

ಬಟ್ಟೆ ಹಳದಿ ಇತ್ತು ಎಂದರು ಬಸವಂತರಾಯರು. ಹಂದರಕ್ಕೆ ಹಳದಿ ಬಟ್ಟೆ ಕಟ್ಟಿಸಿದ್ದೆವು, ಅದರ ಬಣ್ಣ ಇದು, ಬಿಸಿಲಲ್ಲ ಎಂದರು. ಭುವನೇಶ್ವರಿ ಒಂಬತ್ತನೆಯದನ್ನು ಎಳೆದು ಇಪ್ಪತ್ತಮೂರರ ಪಕ್ಕಕ್ಕೆ ಇಟ್ಟಳು. ಅದೇ ಕಂಬ, ಅದೇ ಬಟ್ಟೆ, ಬಟ್ಟೆಗೆ ಹಾಕಿದ ಅದೇ ತೇಪೆ. ಮಧ್ಯಾಹ್ನ ಹನ್ನೆರಡೂವರೆಗೆ ಬೆಳ್ಳಗೆ ಮಲ್ಲಿಗೆಯಂತಿದ್ದ ಬಟ್ಟೆ ತಾನಾಗಿ ಹಳದಿಯಾಗಲು ಅದಕ್ಕೇನು ಕಾಮಾಲೆ ಬಂದಿತ್ತೇ?

"ಆರು ಗಂಟೆಕ್ಕ ನಮ್ಮಪ್ಪ ಇಲ್ಲಿದ್ದ," ಎಂದಳು ಭುವನೇಶ್ವರಿ. "ಭೀಮಬಾಯಿ ಆಯಿ, ನೋಡ್ರಿ. ಸೇತುವಿ ಹಂತ್ಯಾಕ ಅಲ್ಲ. ಇಲ್ಲಿ."

ಭೀಮಬಾಯಿ ಕೈಚೀಲವನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಆದರೆ ಅವಳು ನೋಡುತ್ತಿದ್ದದ್ದು ಪೀರಪ್ಪನನ್ನಲ್ಲ. ಫೋಟೋದ ಎಡ ಅಂಚಿಗೆ ಎಲೆಯ ಮುಂದೆ ಊಟಕ್ಕೆ ಕೂತ ಒಬ್ಬ ಮನುಷ್ಯನಿದ್ದ. ನಿನ್ನೆಯಿಂದ ಅವನು ಬರೀ ಮಸುಕಾಗಿ ಕಾಣುತ್ತಿದ್ದ, ಯಾರೋ ಬೀಗರ ಕಡೆಯವನೆಂದು ಭುವನೇಶ್ವರಿ ಗಮನ ಕೊಟ್ಟಿರಲಿಲ್ಲ. ಕೋರ್ಟಿಗೆ ಹೋದ ಫೋಟೋದಲ್ಲಂತೂ ಅವನು ಇರಲೇ ಇಲ್ಲ, ಲ್ಯಾಬಿನ ಮಷೀನು ಅಂಚನ್ನು ಕತ್ತರಿಸಿ ಹಾಕಿತ್ತು. ಈಗ ಹೊಂಬಿಸಿಲು ಅವನ ಮುಖದ ಮೇಲೆ ತುಂಬಿ ಬಿದ್ದಿತ್ತು. ಸಣ್ಣ ಮೀಸೆ, ಕೆನ್ನೆಯಲ್ಲಿ ತುತ್ತು, ಏನೋ ಮಾತಿಗೆ ನಗುತ್ತಿದ್ದ.

"ದೊಡ್ಡದ ಮಾಡು," ಎಂದಳು ಭೀಮಬಾಯಿ.

ಭುವನೇಶ್ವರಿ ಮಾಡಿದಳು.

"ನಮ್ಮ ಮನಿಯವರು."

ಅವಳು ಬೆರಳು ಚಾಚಿ ಪರದೆಯ ಮೇಲಿನ ಆ ಕೆನ್ನೆಯನ್ನು ಮುಟ್ಟಿದಳು. ತಮ್ಮ ಮನೆಯಲ್ಲಿ ಅವರದೊಂದು ಫೋಟೋ ಇಲ್ಲ, ತೆಗೆಸಲೇ ಇಲ್ಲ, ಮುಖ ಮರೆತುಹೋಗುತ್ತಿದೆ ಎಂದು ಎಷ್ಟೋ ದಿನ ತಾನು ಹೆದರಿದ್ದುಂಟು ಎಂದು ಮೆಲ್ಲಗೆ, ಯಾರಿಗೂ ಅಲ್ಲದೆ ಹೇಳಿಕೊಂಡಳು. ಅವಳ ಗಲ್ಲದಿಂದ ನೀರು ಇಳಿದು ಕೀಬೋರ್ಡಿನ ಮೇಲೆ ಬಿತ್ತು. ಭುವನೇಶ್ವರಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಒಂದು ಗಳಿಗೆ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಉಳಿದದ್ದೆಲ್ಲ ಮರೆತೇಹೋಯಿತು.

ಮರುಗಳಿಗೆಗೆ ಅವಳು ಆ ಕೈಯನ್ನು ಹಿಂದಕ್ಕೆ ತೆಗೆದಳು.

ಆರು ಗಂಟೆಗೆ ಸೇತುವೆಯ ಹತ್ತಿರ ಸತ್ತವನು ಭೀಮು. ಆರು ದಾಟಿದ ಈ ಬಿಸಿಲಲ್ಲಿ ಹಂದರದ ಕೆಳಗೆ ಕೂತು ಉಣ್ಣುತ್ತಿರುವವನೂ ಭೀಮು. ಹಾಗಾದರೆ ಜೀಪು ಹಾಯ್ದದ್ದು ಆರಕ್ಕಲ್ಲ. ಕೇಸಿನ ಕಾಗದದಲ್ಲಿದ್ದ ಹೊತ್ತೇ ಸುಳ್ಳು. ಹೊತ್ತು ಸುಳ್ಳಾದರೆ, ಅವಳು ಇಷ್ಟು ಕಷ್ಟಪಟ್ಟು ತಂದ ಬಂಗಾರದ ಬಿಸಿಲು ಅಪ್ಪನನ್ನು ಯಾವುದರಿಂದಲೂ ಬಿಡಿಸುವುದಿಲ್ಲ. ಈ ಫೋಟೋ ಆದ ಮೇಲೆ ಇಬ್ಬರೂ ಎಲ್ಲಿಗೆ ಹೋದರು, ಜೀಪಿನಲ್ಲಿ ಯಾರು ಕೂತರು, ಏನೂ ಗೊತ್ತಿಲ್ಲ.

ಬಸವಂತರಾಯರು ನೆಗೆಟಿವಿನ ಕವರನ್ನು ಕೇಳುವುದನ್ನೇ ಬಿಟ್ಟು ಮತ್ತೆ ಕುರ್ಚಿಯ ಮೇಲೆ ಕೂತಿದ್ದರು.

ಭೀಮಬಾಯಿ ಕಣ್ಣೊರೆಸಿಕೊಂಡು ಫೋಟೋದಲ್ಲಿ ಗಂಡನ ಹೆಗಲನ್ನು ನೋಡಿದಳು. ಹೆಗಲ ಮೇಲೆ ಒಂದು ಕೈ ಇತ್ತು. ಆ ಕೈಯ ಗುಂಟ ಅವಳ ಕಣ್ಣು ಮೆಲ್ಲಗೆ ಮೇಲೆ ಹೋಯಿತು, ತೋಳಿಗೆ, ತೋಳಿನಿಂದ ಮುಖಕ್ಕೆ. ಆಮೇಲೆ ಅವಳು ಬಾಗಿಲ ಕಡೆ ತಿರುಗಿದಳು.

"ಸತ್ತವನ ಮಾರಿ ನಾ ಒಂದ ದಿನಾನೂ ನೋಡಿಲ್ಲ, ಅವ ಯಾರಂತನೂ ಗೊತ್ತಿಲ್ಲ ಅಂತ ಕೋರ್ಟಿನಾಗ ಆಣಿ ಮಾಡಿ ಹೇಳಿದಿ, ಪೀರಪ್ಪ," ಎಂದಳು. "ಅವರ ಹೆಗಲ ಮ್ಯಾಲ ಕೈ ಇಟ್ಟು ನಗಾಕತ್ತಿ. ಬಂದು ನೋಡು."

"ಅಪ್ಪಾ," ಎಂದಳು ಭುವನೇಶ್ವರಿ.

ಪೀರಪ್ಪ ಒಳಗೆ ಬಂದ. ಪರದೆಯ ಕಡೆ ಕಣ್ಣೆತ್ತಲಿಲ್ಲ, ಮಗಳ ಕಡೆಗೂ ನೋಡಲಿಲ್ಲ. ಸೀದಾ ಬಸವಂತರಾಯರು ಕೂತ ಕುರ್ಚಿಯ ಮುಂದೆ ಹೋಗಿ ನಿಂತ.

"ಅವತ್ತು ಜೀಪಿನಾಗ ಯಾರಿದ್ರಂತ ಇನ್ನ ಹೇಳಿಬಿಡ್ಲೇನ್ರಿ, ಸಾವುಕಾರ್ರ?" ಎಂದು ಕೇಳಿದ.